ಮಾನ್ವಿಯ ಚಹಾ ಹೋಟೆಲಿನಲ್ಲಿ ಬಂದ ಎಚ್ಚರಿಕೆ

ಬಂದಿತ್ತು, ಮೌನೇಶ.

ಆ ದಿನ ಅಂಗಡಿಯಲ್ಲಿ ಎಲ್ಲರ ಮುಂದೆ ನೀನು ಕೇಳಿದ ಪ್ರಶ್ನೆಗೆ ನಾನು 'ಇಲ್ಲ' ಎಂದೆ. ಅದು ಸುಳ್ಳು. ಆ ಕೆಂಪು ಎಚ್ಚರಿಕೆ ನನ್ನ ಫೋನಿನಲ್ಲಿ ಬಂದಿತ್ತು. ಅದನ್ನು ನೋಡಿಯೂ ದಾಟಿ ಹೋಗಿ ಪಾಸ್‌ವರ್ಡ್ ಒತ್ತಿದ್ದು ನಾನು. ನಾವೆಲ್ಲ ವರ್ಷಗಟ್ಟಲೆ ಸೇರಿ ಕಟ್ಟಿದ ಊರು ಅಳಿಸಿ ಹೋದದ್ದು ನನ್ನ ಬೆರಳಿನಿಂದ, ನಿನ್ನ ಬೆರಳಿನಿಂದಲ್ಲ. ಆದರೂ ನಿನ್ನನ್ನು ಕಳ್ಳ ಎಂದೆ.

ಇದನ್ನು ನಿನಗೊಬ್ಬನಿಗೇ ಫೋನ್ ಮಾಡಿ ಹೇಳಬಹುದಿತ್ತು. ಎಷ್ಟೋ ಸಲ ನಿನ್ನ ನಂಬರ್ ತೆಗೆದಿದ್ದೇನೆ, ನೋಡಿದ್ದೇನೆ, ಫೋನನ್ನು ಮತ್ತೆ ಜೇಬಿಗೆ ಇಟ್ಟಿದ್ದೇನೆ. ಆದರೆ ಸುಳ್ಳು ಹೇಳಿದ್ದು ಜನರ ಮುಂದೆ. ನಿಜವನ್ನು ನಿನ್ನ ಕಿವಿಯಲ್ಲಷ್ಟೇ ಪಿಸುಗುಟ್ಟಿದರೆ ಸಾಲದು. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಅವರಿಗಾಗಿ ಬಿಡಿಸಿ ಹೇಳಬೇಕಾಗುತ್ತದೆ — ತಾಳ್ಮೆಯಿಂದ ಓದು. ಏಳನೆಯ ತರಗತಿಗೆ ಶಾಲೆ ಬಿಟ್ಟವನ ಬರಹ ಇದು.

ನಮ್ಮದು ಕಲ್ಲೂರು, ಕುರಿ ಕಾಯುವ ಮನೆತನ. ಶಾಲೆ ಬಿಟ್ಟ ಮೇಲೆ ರಾಯಚೂರಿಗೆ ಬಂದು ಒಬ್ಬರ ರೇಡಿಯೋ ರಿಪೇರಿ ಅಂಗಡಿಯಲ್ಲಿ ನೆಲ ಗುಡಿಸುತ್ತ ಬೆಸುಗೆ ಹಾಕುವುದನ್ನು ಕಲಿತೆ. ರೇಡಿಯೋ ಹೋಗಿ ಟಿವಿ ಬಂತು, ಟಿವಿ ಹೋಗಿ ಮೊಬೈಲ್ ಬಂತು. ಬಂದದ್ದನ್ನೆಲ್ಲ ಬಿಚ್ಚಿ ನೋಡಿ ಕಲಿತೆ. ಈಗ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೇ ಅಂಗಡಿ ಇದೆ. ಮುಂದೆ ಮೊಬೈಲ್ ರಿಪೇರಿ, ಹಿಂದಿನ ಕೋಣೆಯಲ್ಲಿ ಆಟದ ಕಂಪ್ಯೂಟರುಗಳು. ಅಲ್ಲಿಯ ಒಂದು ತಂತಿಯನ್ನೂ ಬೇರೆಯವರು ಜೋಡಿಸಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗಿದೆ — ಆ ಹೆಮ್ಮೆಯೇ ಮುಂದೆ...

ಇರಲಿ, ಮೊದಲು ಆಟದ ವಿಷಯ ಹೇಳುತ್ತೇನೆ.

ಚೌಕ ಚೌಕ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಮನೆ, ರಸ್ತೆ, ಊರು ಕಟ್ಟುವ ಆಟ ಅದು. ಎಷ್ಟೋ ಜನ ತಮ್ಮ ತಮ್ಮ ಮನೆಯಿಂದಲೇ ಒಂದೇ ಊರಿನೊಳಗೆ ಬಂದು ಆಡಬಹುದು. ಆ ಊರು ಯಾವುದಾದರೂ ಒಂದು ಯಂತ್ರದಲ್ಲಿ ಇರಬೇಕು. ಅದನ್ನೇ ಸರ್ವರ್ ಎನ್ನುವುದು. ನಮ್ಮದು ನನ್ನ ಅಂಗಡಿಯ ಮೂಲೆಯಲ್ಲಿತ್ತು. ಅದನ್ನು ನಡೆಸಲು ಒಂದು ವೆಬ್ ಪುಟ ಇತ್ತು. ಎಲ್ಲಿಂದಲಾದರೂ ಅದನ್ನು ತೆರೆದು ಆಟ ನಿಲ್ಲಿಸಬಹುದು, ತಂಟೆಕೋರರನ್ನು ಹೊರಗೆ ಹಾಕಬಹುದು, ಇಡೀ ಊರನ್ನು ಅಳಿಸಲೂಬಹುದು. ಆ ಪುಟದ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಊರು ಅವರದು. ನನ್ನ ಹತ್ತಿರ ಇತ್ತು. ನಂಬಿ ನಿನಗೂ ಕೊಟ್ಟಿದ್ದೆ.

ನೀನು ಗಬ್ಬೂರಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದವನು. ಒಡೆದ ಫೋನ್ ಹಿಡಿದು ಅಂಗಡಿಗೆ ಬಂದವನು ಹಿಂದಿನ ಕೋಣೆಯವನಾಗಿಬಿಟ್ಟೆ. ಬೇರೆಯವರು ಆಟದಲ್ಲಿ ಕೋಟೆ, ವಿಮಾನ, ಸಿನಿಮಾ ಮಂದಿರ ಕಟ್ಟಿದರು. ನೀನು ಗಬ್ಬೂರನ್ನೇ ಕಟ್ಟಿದೆ — ಹಳೆಯ ಗುಡಿಗಳು, ಬಾವಿ, ಬಸ್ ನಿಲ್ಲುವ ಜಾಗ, ಅಲ್ಲಿಯ ಕಟ್ಟೆ. ಆದರೆ ಊರ ಹೊರಗಿದ್ದ ನಿಮ್ಮ ಓಣಿಯನ್ನು ಮಾತ್ರ ಊರ ನಟ್ಟನಡುವೆ ಕಟ್ಟಿದೆ. ಆಟೋ ಓಡಿಸುವ ಖಾಜಾ, ನಮ್ಮ ಕೋಣೆಯ ಹಳೆಯ ಗಿರಾಕಿ, ಅದನ್ನು ನೋಡಿ, "ಲೇ ಮೌನೇಶ, ನಿಮ್ಮ ಓಣಿ ಇಲ್ಲಿಲ್ಲಲ್ಲೋ, ದಾರಿ ತಪ್ಪೀದಿ" ಎಂದ. ನೀನು ನಗುತ್ತಲೇ, "ದಾರಿ ತಪ್ಪಿದ್ದು ಊರು ಕಟ್ಟಿದವ್ರು. ನಾ ಸರಿ ಮಾಡಾಕತ್ತೀನಿ" ಎಂದೆ. ಖಾಜಾ ಆಮೇಲೆ ತಾನೇ ನಿನ್ನ ಓಣಿಗೆ ದೀಪದ ಕಂಬ ನೆಟ್ಟುಕೊಟ್ಟ.

ಆ ವೆಬ್ ಪುಟಕ್ಕೆ ಬೀಗ ಇಲ್ಲ ಎಂದು ಮೊದಲು ಹೇಳಿದವನು ನೀನೇ.

"ಅಣ್ಣಾ, ನೀ ಪಾಸ್‌ವರ್ಡ್ ಹಾಕಿದ್ರ ಅದು ಬತ್ತಲೆ ಹೋಗತದ. ಪೋಸ್ಟ್ ಕಾರ್ಡಿನ ಮ್ಯಾಲ ಬರದು ಕಳಿಸಿದಂಗ. ನಡುವ ಯಾರಾರ ಇದ್ರ ಓದಿಕೊಂತಾರ."

"ಮತ್ತ ಏನ್ ಮಾಡೋದು?"

"ಸರ್ಟಿಫಿಕೇಟ್ ಬೇಕು. ಅದಿದ್ರ ಎಲ್ಲಾ ಮುಚ್ಚಿದ ಲಕೋಟಿಯಾಗ ಹೋಗತದ. ದೊಡ್ಡ ಸೈಟಿನವ್ರಿಗೆ ಹೊರಗಿನ ಸಂಸ್ಥೆಯವ್ರು ಸಹಿ ಹಾಕಿ ಕೊಡತಾರ. ನಮ್ಮ ಸರ್ವರಿಗೆ ಹೆಸರ ಇಲ್ಲ, ಖಾಲಿ ನಂಬರ್ ಅದ. ನಮಗ ನಾವ ಮಾಡಿ, ನಾವ ಸಹಿ ಹಾಕಿಕೊಳ್ಳಬೇಕು."

ನಾವೇ ಸಹಿ ಹಾಕಿಕೊಳ್ಳುವುದು! ಆ ಮಾತು ನನ್ನೊಳಗೆ ಎಲ್ಲಿ ಹೋಗಿ ತಾಗಿತು ಎಂದು ನಿನಗೆ ಗೊತ್ತಿರಲಿಲ್ಲ.

ಅಂಗಡಿ ಶುರು ಮಾಡುವಾಗ ಕಚೇರಿಯೊಂದರಲ್ಲಿ ನನ್ನ ಕಾಗದಗಳ ಪ್ರತಿ ಕೊಟ್ಟಿದ್ದೆ. ಕೆಳಗೆ ನನ್ನ ಸಹಿ ಇತ್ತು. ಗುಮಾಸ್ತ ಅವನ್ನು ಹಿಂದಕ್ಕೆ ತಳ್ಳಿ, "ನಿಮ್ಮ ಕಾಗದಕ್ಕ ನೀವ ಸಹಿ ಹಾಕಿದ್ರ ಯಾರು ನಂಬತಾರ್ರೀ? ಗೆಜೆಟೆಡ್ ಅಧಿಕಾರಿ ಕಡೆ ಸಿಕ್ಕಾ ಹೊಡಿಸಿಕೊಂಡು ಬರ್ರಿ" ಎಂದ. ಸರ್ಕಾರಿ ಕಾಲೇಜಿನ ಅಧ್ಯಾಪಕರೊಬ್ಬರ ಮನೆಯ ಮೆಟ್ಟಿಲ ಮೇಲೆ ಬೆಳಗಿನಿಂದ ಕಾದೆ. ಹೊರಗೆ ಬಂದವರು ಮೂಲ ಪ್ರತಿಯನ್ನು ಕೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಸಿಕ್ಕಾದ ಮೊಹರು ಒತ್ತಿ ಒಳಗೆ ಹೋದರು. ನನ್ನ ಮುಖ ನೋಡದವರ ಸಿಕ್ಕಾ ನಡೆಯುತ್ತದೆ, ನನ್ನ ಸಹಿ ನಡೆಯುವುದಿಲ್ಲ! ಆ ಸಿಟ್ಟು ಅಂದಿನಿಂದ ಒಳಗೇ ಕುದಿಯುತ್ತಿತ್ತು.

ಅದಕ್ಕೇ ನಿನಗೆ, "ನೀ ಮುಟ್ಟಬ್ಯಾಡ, ನಾನ ಮಾಡ್ತೀನಿ" ಎಂದೆ.

ಮಾಡಿದೆ. ಹೇಗೆ ಮಾಡಿದೆ ಎಂದು ಕೇಳಬೇಡ. ವಿಡಿಯೋ ನೋಡಿ ನೋಡಿ ಆಜ್ಞೆಗಳನ್ನು ಒಂದೊಂದು ಅಕ್ಷರ ಹುಡುಕಿ ಒತ್ತಿದೆ. ಒಂದು ಚುಕ್ಕೆ ಬಿಟ್ಟುಹೋದರೆ ಯಂತ್ರ ಬೈಯುತ್ತದೆ. ಏನೆಂದು ಬೈಯುತ್ತಿದೆ ಎಂದೂ ತಿಳಿಯುವುದಿಲ್ಲ, ಎಲ್ಲ ಇಂಗ್ಲಿಷು. ಕೀಲಿಯ ಫೈಲು ಒಂದು ಕಡೆ, ಸರ್ಟಿಫಿಕೇಟಿನ ಫೈಲು ಇನ್ನೊಂದು ಕಡೆ. ಎರಡೂ ಸರಿ ಇವೆ ಎಂದುಕೊಂಡರೆ ಪುಟವೇ ಏಳುವುದಿಲ್ಲ. ಹಿಂದಿನ ಕೋಣೆಯಿಂದ, "ಬೀರಣ್ಣಾ, ಎಲ್ಲಾ ನಿಂತದ! ಏನ್ ಕಿತ್ತೀದಿ?" ಎಂಬ ಕೂಗು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಗೋಡೆಗೆ ಬೀಸಿದ್ದೆ. ಆ ಗುರುತು ಇನ್ನೂ ಇದೆ. ಕೊನೆಗೆ ಹತ್ತಿತು. ಊರಿನ ಜಾಗದಲ್ಲಿ ರಾಯಚೂರು, ಹೆಸರಿನ ಜಾಗದಲ್ಲಿ ಕಲ್ಲೂರು ಬೀರಪ್ಪ. ನನ್ನ ಸರ್ಟಿಫಿಕೇಟು, ನನ್ನದೇ ಸಹಿ.

ಎಲ್ಲರನ್ನೂ ಕರೆದು ಪುಟ ತೆರೆದು ತೋರಿಸಿದೆ. ಬೀಗದ ಗುರುತು ಬರಬೇಕಾದ ಕಡೆ ಕೆಂಪು ತ್ರಿಕೋನ ಬಂತು. ಈ ತಾಣ ಸುರಕ್ಷಿತವಲ್ಲ, ನಿಮ್ಮ ಮಾಹಿತಿ ಕದಿಯಬಹುದು, ಹಿಂದಕ್ಕೆ ಹೋಗಿ.

ಖಾಜಾ ತೊಡೆ ತಟ್ಟಿ ನಕ್ಕ. "ಬೀರಣ್ಣಾ, ನಿನ್ನ ಸಿಕ್ಕಾ ಫೋನಿಗೆ ಪಸಂದ್ ಬರವಲ್ದು ನೋಡು!"

ಮತ್ತೆ ಅದೇ ಗುಮಾಸ್ತ. ಫೋನಿನ ಗಾಜಿನ ಹಿಂದೆ ಕೂತು ನನ್ನ ಸಹಿಯನ್ನು ಹಿಂದಕ್ಕೆ ತಳ್ಳುತ್ತಿದ್ದಾನೆ — ನನಗೆ ಕಂಡದ್ದು ಅಷ್ಟೇ.

ನೀನು ಸಮಾಧಾನದಿಂದ ಹೇಳಿದೆ. "ಅದಕ್ಕ ಸಿಟ್ಟಾಗಬ್ಯಾಡಣ್ಣಾ. ಫೋನಿಗೆ ನಿನ್ನ ಗುರ್ತಿಲ್ಲ, ಅಷ್ಟ. ಎಲ್ಲಾರ ಫೋನಿನ್ಯಾಗ ನಮ್ಮ ಸರ್ಟಿಫಿಕೇಟ್ ನಾವ ಒಂದ್ಸಲ ಕೈಯಾರೆ ಹಾಕಿಬಿಡೋಣು. ಆಮ್ಯಾಲ ಈ ಎಚ್ಚರಿಕಿ ಬರಂಗಿಲ್ಲ. ಬಂತಂದ್ರ, ನಡುವ ಬ್ಯಾರೆ ಯಾರೋ ಕುಂತಾರ ಅಂತ ತಿಳಕೊಬೇಕು."

ಎಷ್ಟು ಸರಳವಾದ ಮಾತು. ನನಗೆ ಕೇಳಿಸಿದ್ದು 'ಫೋನಿಗೆ ನಿನ್ನ ಗುರ್ತಿಲ್ಲ' ಎಂಬುದೊಂದೇ. ಎಲ್ಲರ ಫೋನಿಗೂ ನನ್ನ ಗುರುತು ಹೇಳಿಕೊಡುತ್ತ ಕೂರಬೇಕೇ? "ನನ್ನ ಮ್ಯಾಲ ನಂಬಿಕಿ ಇದ್ದವ್ರು ಒತ್ತಿ ಒಳಗ ಬರ್ರಿ, ಇಲ್ದವ್ರು ಮನಿಗೆ ನಡೀರಿ" ಎಂದೆ. ಅಂದಿನಿಂದ ಯಾರ ಫೋನಿನಲ್ಲಿ ಆ ಕೆಂಪು ಬಂದರೂ ಕಸಿದುಕೊಂಡು ನಾನೇ ಒತ್ತಿಕೊಡುತ್ತಿದ್ದೆ. ಕೆಳಗಿನ ಸಣ್ಣ ಅಕ್ಷರ, ಆಮೇಲೆ 'ಮುಂದುವರಿಯಿರಿ'. ಕಣ್ಣು ಮುಚ್ಚಿ ಒತ್ತುವಷ್ಟು ರೂಢಿಯಾಯಿತು. ಎಚ್ಚರಿಕೆ ಎಂದರೆ ದಾಟಿ ಹೋಗುವುದು ಎಂದು ಒಂದಿಡೀ ಕೋಣೆಗೆ ಕಲಿಸಿದವನು ನಾನು.

ನನ್ನ ಫೋನಿಗೆ ಮಾತ್ರ, ನಾನು ಊಟಕ್ಕೆ ಕೂತಿದ್ದಾಗ, ನೀನು ಆ ಸರ್ಟಿಫಿಕೇಟನ್ನು ಹಾಕಿಕೊಟ್ಟೆ. ಫೋನ್ ವಾಪಸ್ ಕೊಡುತ್ತ ಹೇಳಿದೆ: "ಅಣ್ಣಾ, ಇನ್ನ ಮ್ಯಾಲ ನಿನ್ನ ಫೋನಿನ್ಯಾಗ ಆ ಕೆಂಪು ಬರಂಗಿಲ್ಲ. ಬಂತಂದ್ರ ಪಾಸ್‌ವರ್ಡ್ ಹಾಕಬ್ಯಾಡ. ನನಗೊಂದು ಫೋನ್ ಮಾಡು."

ಹೂಂ ಎಂದೆ. ಬಾಯಲ್ಲಿ ರೊಟ್ಟಿ ಇತ್ತು.

ಮಾನ್ವಿಗೆ ಒಂದು ಬಟ್ಟೆ ಅಂಗಡಿಗೆ ಕ್ಯಾಮೆರಾ ಹಾಕಲು ಹೋದ ದಿನ ಅದು. ಮಧ್ಯಾಹ್ನ ಎದುರಿನ ಚಹಾ ಹೋಟೆಲಿನಲ್ಲಿ ಕೂತಿದ್ದೆ. ನೆಟ್ ಸರಿಯಾಗಿ ಸಿಗುತ್ತಿರಲಿಲ್ಲ. ಹೋಟೆಲಿನ ಪುಕ್ಕಟೆ ವೈಫೈ ಹಿಡಿದಿದ್ದೆ. ಖಾಜಾನ ಫೋನ್ ಬಂತು. "ಯಾರೋ ಒಳಗ ಬಂದು ಮನಿಗೋಳು ಕೆಡವಾಕತ್ತಾರ, ಜಲ್ದಿ ತೆಗದು ಒಗಿ."

ಪುಟ ತೆರೆದೆ. ಕೆಂಪು ಬಂತು.

ನನ್ನ ಫೋನಿನಲ್ಲಿ. ಬರಬಾರದ ಕಡೆ.

ನೋಡದೆ ಒತ್ತಿದೆ ಎಂದು ಹೇಳಿಕೊಳ್ಳಬಹುದಿತ್ತು. ಇಲ್ಲ, ನೋಡಿದೆ. ನಿನ್ನ ಮಾತು ನೆನಪಾಯಿತು — ಹೌದು, ನೆನಪಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ಬೆರಳು ಅರೆಗಳಿಗೆ ನಿಂತಿತು ಕೂಡ. ಆಮೇಲೆ ಅದೇ ಹಳೆಯ ಸಿಟ್ಟು ಏರಿತು. ನನ್ನ ಊರೊಳಗೆ ನಾನು ಹೋಗಲು ಇದರ ಅಪ್ಪಣೆ ಬೇಕೇ? ಒತ್ತಿದೆ. ಪಾಸ್‌ವರ್ಡ್ ಹಾಕಿದೆ. ಆ ತಂಟೆಕೋರನನ್ನು ಹೊರಗೆ ಎಸೆದೆ. ಚಹಾ ಮುಗಿಸಿ ಏಣಿ ಹತ್ತಿದೆ.

ಸಂಜೆ ರಾಯಚೂರಿಗೆ ಮರಳಿದಾಗ ಆಟದೊಳಗೆ ಊರೇ ಇರಲಿಲ್ಲ. ಬರೀ ಹಸಿರು ಬಯಲು. ಊರಿನ ನಕಲು ಪ್ರತಿಗಳೂ ಇರಲಿಲ್ಲ. ಅವನ್ನು ನಾನು ಅದೇ ಯಂತ್ರದಲ್ಲಿ ಇಟ್ಟಿದ್ದೆ, ಅದೇ ಪುಟದಿಂದ ಅಳಿಸಬಹುದಿತ್ತು. ಬೇರೆ ಕಡೆ ಇಡು ಎಂದು ಅದನ್ನೂ ನೀನು ಹೇಳಿದ್ದೆ.

ಅಂಗಡಿ ತುಂಬ ಜನ. ಸುದ್ದಿ ಕೇಳಿ ನೀನು ಗಬ್ಬೂರಿನಿಂದ ಓಡಿ ಬಂದಿದ್ದೆ. ಲ್ಯಾಪ್‌ಟಾಪ್ ರಿಪೇರಿಗೆ ಕೊಡಲು ಬಂದ ಶಿವರಾಜ ಸರ್ ಕೂಡ ಅಲ್ಲಿ ನಿಂತಿದ್ದರು. ಮಾನ್ವಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವವರು. ನಿನ್ನನ್ನು ಅಲ್ಲಿ ಕಲಿಸಲು ತೆಗೆದುಕೊಳ್ಳುವುದಾಗಿ ಮಾತು ಕೊಟ್ಟಿದ್ದವರು. ನಿಮ್ಮ ಮನೆಯಲ್ಲಿ ಹೊಲದ ಕೂಲಿ ಬಿಟ್ಟು ಕುರ್ಚಿಯ ಕೆಲಸಕ್ಕೆ ಹೋಗುವ ಮೊದಲನೆಯವನು ನೀನು ಎಂದು ನೀನೇ ಹೇಳಿದ್ದೆ.

"ಪಾಸ್‌ವರ್ಡ್ ಯಾರ್ಯಾರ ಹತ್ರ ಇತ್ತು?" ಖಾಜಾ ಕೇಳಿದ.

"ನನ್ನ ಹತ್ರ. ಮತ್ತ ಇವನ ಹತ್ರ."

ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ಮಾತ್ರ ನನ್ನನ್ನೇ ನೋಡುತ್ತಿದ್ದೆ.

"ಅಣ್ಣಾ, ಒಂದ ಮಾತು ಕೇಳ್ತೀನಿ. ಇವತ್ತು ನಿನ್ನ ಫೋನಿನ್ಯಾಗ ಆ ಎಚ್ಚರಿಕಿ ಬಂದಿತ್ತೇನು?"

ಒಂದೇ ಪ್ರಶ್ನೆ, ನೇರ ಅಲ್ಲಿಗೇ ಬಂದು ನಿಂತಿತು. 'ಬಂದಿತ್ತು' ಎಂದಿದ್ದರೆ — ನಾನು ಒತ್ತಿಕೊಟ್ಟ ಅಷ್ಟೂ ಫೋನುಗಳು, ನಾನು ತಳ್ಳಿಹಾಕಿದ ನಿನ್ನ ಅಷ್ಟೂ ಮಾತುಗಳು, ಎಲ್ಲ ಅವರ ಮುಂದೆ ಬಿಚ್ಚಿಕೊಳ್ಳುತ್ತಿದ್ದವು. ತನ್ನ ಕೈಯಾರೆ ಎಲ್ಲ ಮಾಡಿದೆ ಎನ್ನುವ ಬೀರಪ್ಪ ತನ್ನ ಕೈಯಾರೆ ಎಲ್ಲ ಕಳೆದ ಎಂದಾಗುತ್ತಿತ್ತು.

"ಇಲ್ಲ," ಎಂದೆ. "ನನ್ನ ಫೋನಿನ್ಯಾಗ ಏನೂ ಬಂದಿಲ್ಲ. ಇದು ಹೊರಗಿನವ್ರ ಕೆಲಸ ಅಲ್ಲ. ಕಳ್ಳನ್ನ ಒಳಗ ಇಟ್ಕೊಂಡು ಬೀಗ ಹಾಕೀನಿ ನಾನು."

ನೀನು ಚೀಲ ಎತ್ತಿಕೊಂಡೆ. ಬಾಗಿಲಲ್ಲಿ ನಿಂತು "ಆತಣ್ಣಾ" ಎಂದೆ. ಅಷ್ಟೇ.

ನೀನು ಓಣಿ ದಾಟುವ ಮೊದಲೇ ಶಿವರಾಜ ಸರ್ ತಲೆ ಆಡಿಸಿದರು. "ಇಂಥವನ್ನ ಹುಡುಗ್ರ ಮುಂದ ಹೆಂಗ ನಿಲ್ಲಸೋದ್ರೀ? ಸದ್ಯ ಮೊದಲ ಗೊತ್ತಾತು."

ಒಬ್ಬರೂ ಪುರಾವೆ ಕೇಳಲಿಲ್ಲ, ಮೌನೇಶ. ನೀನು ನನ್ನ ಮೇಲೆ ಅದೇ ಮಾತು ಹೇಳಿದ್ದರೆ ಪುರಾವೆ ಕೇಳುತ್ತಿದ್ದರು. ನೀನು ಯಾವ ಓಣಿಯವನು ಎಂದು ಅವರಿಗೆ ಗೊತ್ತಿತ್ತು, ಅದು ಅವರಿಗೆ ಸಾಕಾಯಿತು. ಹಾಗೆ ಸಾಕಾಗುತ್ತದೆ ಎಂದು ನನಗೂ ಗೊತ್ತಿತ್ತು. ಸಿಕ್ಕಾ ಇಲ್ಲದೆ ನನ್ನ ಮಾತು ನಡೆಯುವುದಿಲ್ಲ ಎಂದು ಆಯುಷ್ಯವಿಡೀ ಕುದಿದವನು ನಾನು — ಆ ದಿನ ನನ್ನ ಸುಳ್ಳಿಗೆ ಯಾರ ಸಿಕ್ಕಾವೂ ಬೇಕಾಗಲಿಲ್ಲ.

ಕೆಲವು ದಿನ ಹೀಗೂ ಅಂದುಕೊಂಡೆ: ಆ ಕೆಂಪು ಸುಮ್ಮನೆ ಬಂದಿರಬಹುದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲದಿರಬಹುದು. ಆ ಸುಖವೂ ಉಳಿಯಲಿಲ್ಲ. ಬಟ್ಟೆ ಅಂಗಡಿಯ ಕ್ಯಾಮೆರಾ ಕೆಟ್ಟು ಮತ್ತೆ ಮಾನ್ವಿಗೆ ಹೋದೆ. ಅದೇ ಹೋಟೆಲು, ಅದೇ ವೈಫೈ. ಪುಟ ತೆರೆದೆ. ಕೆಂಪು ಬಂತು. ನೀನು ಸರ್ಟಿಫಿಕೇಟ್ ಹಾಕಿಕೊಟ್ಟ ಮೇಲೆ ರಾಯಚೂರಿನಲ್ಲಿ ಒಂದು ಸಲವೂ ಬಂದಿರಲಿಲ್ಲ. ಈ ಸಲ ಒತ್ತಲಿಲ್ಲ. ನೀನು ತೋರಿಸಿದ್ದಂತೆ ಸರ್ಟಿಫಿಕೇಟನ್ನು ಬಿಡಿಸಿ ಒಳಗೆ ನೋಡಿದೆ. ಅದರಲ್ಲಿ ರಾಯಚೂರು ಇರಲಿಲ್ಲ, ಕಲ್ಲೂರು ಬೀರಪ್ಪ ಇರಲಿಲ್ಲ. ಹೆಸರಿನ ಜಾಗ ಖಾಲಿ. ನನಗೂ ನನ್ನ ಸರ್ವರಿಗೂ ನಡುವೆ ಯಾರೋ ಕೂತು, ನನ್ನ ಪುಟದಂತೆಯೇ ಕಾಣುವ ಪುಟ ತೋರಿಸಿ, ನಾನು ಒತ್ತಿದ್ದನ್ನೆಲ್ಲ ಓದಿಕೊಂಡು ಮುಂದೆ ಸರ್ವರಿಗೆ ದಾಟಿಸುತ್ತಿದ್ದರು. ಅವರದೂ ತಾವೇ ಸಹಿ ಹಾಕಿಕೊಂಡ ಸರ್ಟಿಫಿಕೇಟು. ಎಚ್ಚರಿಕೆಯನ್ನು ದಾಟುವುದನ್ನು ಕಲಿತವನಿಗೆ ನನ್ನದೂ ಅವರದೂ ಒಂದೇ.

"ಚಾ ಆರಾಕತ್ತದ ನೋಡ್ರಿ," ಹೋಟೆಲಿನವನು ಹೇಳಿದ. "ಮುಖ ಯಾಕ ಹಂಗಾತು? ಸುದ್ದಿ ಏನರ ಬಂತೇನು?"

"ಏನಿಲ್ಲ. ಈ ವೈಫೈ ಯಾರು ಹಾಕಿಕೊಟ್ರು?"

"ಯಾರೋ ಹುಡುಗ್ರು ಬಂದು ಹಾಕಿ ಹ್ವಾದ್ರು. ಗಿರಾಕಿ ಬರತಾರ, ರೊಕ್ಕ ಬ್ಯಾಡ ಅಂದ್ರು. ಪುಕ್ಕಟ ಅಂದ್ರ ನಾ ಯಾಕ ಬ್ಯಾಡ ಅನ್ನಲಿ?"

ಆ ಹುಡುಗರಲ್ಲಿ ನಾನು ಆಟದಿಂದ ಹೊರಗೆ ಹಾಕಿದ ಯಾರಾದರೂ ಇರಬಹುದು. ಯಾರೆಂದು ಇಂದಿಗೂ ಗೊತ್ತಿಲ್ಲ. ಅಂದು ನನಗೆ ಗೊತ್ತಾದದ್ದು ಒಂದೇ — ನೀನಲ್ಲ. ಶಿವರಾಜ ಸರ್ ಅವರ ಕೇಂದ್ರ ಅದೇ ರಸ್ತೆಯ ಕೊನೆಯಲ್ಲಿತ್ತು. ನಡೆದು ಹೋಗಿ ಹೇಳಬಹುದಿತ್ತು. ನಿನ್ನ ಜಾಗಕ್ಕೆ ಅವರು ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲ. ರಾಯಚೂರು ಬಸ್ ಬಂತು. ಹತ್ತಿಬಿಟ್ಟೆ.

ಅಂಗಡಿಯ ಸುಳ್ಳನ್ನು ಭಯದಲ್ಲಿ ಹೇಳಿದೆ ಎನ್ನಬಹುದೇನೋ. ಬಸ್ ಹತ್ತಿದ್ದಕ್ಕೆ ಯಾವ ಹೆಸರೂ ಇಲ್ಲ.

ಆಮೇಲೆ ವರ್ಷಗಳು ಹೋದವು. ನೀನು ಹತ್ತಿ ಮಿಲ್ಲಿನಲ್ಲಿ ಮೂಟೆ ಹೊರುತ್ತೀಯ ಎಂದು ಖಾಜಾ ಹೇಳಿದ. ಕೇಳಿಸದವನಂತೆ ಬೆಸುಗೆ ಹಾಕುತ್ತ ಕೂತೆ. ಈಚೆಗೆ ದೇವದುರ್ಗಕ್ಕೆ ಹೋದಾಗ ಬಸ್ ನಿಲ್ದಾಣದ ಹತ್ತಿರ ನಿನ್ನ ಜೆರಾಕ್ಸ್ ಅಂಗಡಿ ಕಂಡೆ. ಮಗಳ ಕಾಲೇಜಿನ ಕಾಗದ ಕೈಯಲ್ಲಿತ್ತು. ಏನು ಧೈರ್ಯವೋ, ಒಳಗೆ ಬಂದೆ.

"ಬರ್ರಿ, ಏನ್ ಬೇಕಾಗಿತ್ತು?" ಎಂದೆ ನೀನು. ಹಿಂದೆ 'ಅಣ್ಣಾ, ನೀನು' ಎನ್ನುತ್ತಿದ್ದ ಬಾಯಿ.

ನನ್ನ ಮುಂದೆ ಒಬ್ಬ ಅಜ್ಜ ನಿಂತಿದ್ದ. ಸಿಕ್ಕಾ ಎಲ್ಲಿ ಹೊಡೆಸಬೇಕು ಎಂದು ಕೇಳುತ್ತಿದ್ದ. ನೀನು ಅವನಿಗೆ ಪೆನ್ನು ಕೊಟ್ಟೆ. "ಈಗ ಇದಕ್ಕ ಗೆಜೆಟೆಡ್ ಸಹಿ ಬೇಕಾಗಿಲ್ಲ ಯಜ್ಜಾ. ನಿನ್ನ ಕಾಗದಕ್ಕ ನೀನ ಸಹಿ ಹಾಕಿದ್ರ ಸಾಕು. ಖರೇ ಇರಬೇಕು, ಅಷ್ಟ. ಸುಳ್ಳಿದ್ರ ನಿನ್ನ ಮ್ಯಾಲ ಬರತದ."

ನೀನು ನನ್ನ ಕಡೆ ನೋಡಿ ಹೇಳಲಿಲ್ಲ. ನೋಡಿದ್ದರೆ ಅಲ್ಲೇ ಬಾಯಿ ಬಿಡುತ್ತಿದ್ದೆನೇನೋ. ಪ್ರತಿ ತೆಗೆಸಿಕೊಂಡು, ಚಿಲ್ಲರೆ ಇಟ್ಟು ಹೊರಗೆ ಬಂದೆ.

ನಿನ್ನೆ ಮಾನ್ವಿಗೆ ಹೋಗಿ ಶಿವರಾಜ ಸರ್‌ಗೆ ಎಲ್ಲ ಹೇಳಿದೆ. ಅವರು, "ಈಗ ಹೇಳಿದ್ರ ಏನು ಬಂತು ಬೀರಪ್ಪ? ಆ ಜಾಗಕ್ಕ ಬ್ಯಾರೆಯವ್ರು ಬಂದು ಹಳಬರಾದ್ರು" ಎಂದರು. ಹೌದು, ಏನೂ ಬರಲಿಲ್ಲ. ನಿನ್ನ ಗಬ್ಬೂರೂ ಬರುವುದಿಲ್ಲ. ಊರ ನಡುವಿನ ಆ ಓಣಿಯೂ ಬರುವುದಿಲ್ಲ.

ಈ ಭಾನುವಾರ ಖಾಜಾನನ್ನೂ ಅಂದು ಅಲ್ಲಿದ್ದ ಉಳಿದವರನ್ನೂ ಅಂಗಡಿಗೆ ಕರೆದಿದ್ದೇನೆ. ಅಂದು ನಿಂತಲ್ಲೇ ನಿಂತು, ನೀನು ಕೇಳಿದ ಪ್ರಶ್ನೆಯನ್ನು ನಾನೇ ಕೇಳಿ, ನಾನೇ ಉತ್ತರ ಹೇಳುತ್ತೇನೆ. ನೀನು ಬರಬೇಕಾಗಿಲ್ಲ. ಕ್ಷಮಿಸಬೇಕಾಗಿಯೂ ಇಲ್ಲ — ಕೇಳುವ ಮುಖ ನನಗಿಲ್ಲ.

ಈ ಬರಹಕ್ಕೂ ನನ್ನ ಸಹಿ ನಾನೇ ಹಾಕುತ್ತಿದ್ದೇನೆ. ಬೇರೆ ಯಾರ ಸಿಕ್ಕಾವೂ ಇಲ್ಲ. ಓದುವಾಗ ನಿನ್ನ ಮನಸ್ಸು ಇದನ್ನು ನಂಬಬೇಡ ಎಂದು ಎಚ್ಚರಿಸಿದರೆ ದಾಟಿ ಹೋಗಬೇಡ, ಮೌನೇಶ. ಅಲ್ಲೇ ನಿಲ್ಲು. ನನಗೊಂದು ಫೋನ್ ಮಾಡಿ ಕೇಳು.

ಬಂದಿತ್ತು ಎನ್ನುತ್ತೇನೆ.

— ಕಲ್ಲೂರು ಬೀರಪ್ಪ